ಅರಿಶಿನ ಹತ್ತಿದ ಅರಿವೆ

ಪೂರ್ಣಿ, ಕಿರಣ, ಮಾನ್ವಿಯಲ್ಲಿ ನಿಮ್ಮ ಹೊಸ ಮನೆಯ ಪೂಜೆಯ ದಿನ ಗೇಟಿಗೆ ಹಚ್ಚಿದ್ದ ಅರಿಶಿನ ಕುಂಕುಮವನ್ನು ನಾನು ಒರೆಸುತ್ತಿದ್ದುದನ್ನು ನೀವಿಬ್ಬರೂ ನೋಡಿದಿರಿ. ಬಂದ ಬೀಗರೂ ನೋಡಿದರು. ಗಂಡನಿಲ್ಲದ ಹೆಂಗಸು ಶುಭದ ದಿನ ಬಾಗಿಲಿನ ಕುಂಕುಮಕ್ಕೆ ಕೈ ಹಾಕಿದರೆ ಜನ ಏನಂದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಬಣ್ಣದವನು ಡಬ್ಬಿ ಬಿಚ್ಚಿ, ಬ್ರಶ್ ಅದ್ದಿ, ಆಗಲೇ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೆಂಪು ಪ್ರೈಮರಿನ ವಾಸನೆ ಮೂಗಿಗೆ ಬಂದದ್ದೇ ನನ್ನ ಕೈ ತಾನಾಗಿ ಬಟ್ಟೆ ಹುಡುಕಿತು.

“ಆಯಿ, ದೇವರಿಗಿ ಹಚ್ಚಿದ್ದು ಒರಸ್ತಾರೇನು?” ಎಂದು ಕಿರಣ ಕೇಳಿದ. ಪೂರ್ಣಿ ಅವನ ಕೈ ಹಿಡಿದು ಜಗ್ಗಿದಳು. ನಾನು ಬಟ್ಟೆ ಹಿಡಿದು ಒಳಗೆ ಹೋದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ನನ್ನ ತವರು ಮಲ್ಲಟದ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ, ಬರೆಯುವುದಕ್ಕೆ ಅಷ್ಟು ಸಾಕು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ತೀರಿದ ಮರು ಬೇಸಿಗೆಯ ಸಂಗತಿ ಇದು. ಆಗ ನೀವು ಹುಟ್ಟಿರಲಿಲ್ಲ. ನಿಮ್ಮ ಅಮ್ಮ ಇನ್ನೂ ಕಾಲೇಜಿಗೆ ಹೋಗುತ್ತಿದ್ದಳು.

ನಿಮ್ಮ ಮುತ್ಯಾ ಕಾಲುವೆ ಗೇಟುಗಳಿಗೆ ಬಣ್ಣ ಹಚ್ಚುವ ಗುಂಪಿನ ಮೇಸ್ತ್ರಿ. ನಾವಿದ್ದದ್ದು ರಾಯಚೂರಿನಲ್ಲಿ, ಆದರೆ ಬೇಸಿಗೆಯೆಲ್ಲ ದೇವದುರ್ಗ, ಮಾನ್ವಿ ಕಡೆಯ ಕಾಲುವೆಗಳ ಮೇಲೇ ಕಳೆಯುತ್ತಿತ್ತು. ನೀರು ನಿಲ್ಲಿಸಿದ ಮೇಲೆ ಮತ್ತೆ ಬಿಡುವವರೆಗೆ ಮಾತ್ರ ಗೇಟಿನ ಮೈ ಕೈಗೆ ಸಿಗುತ್ತದೆ. ಅಷ್ಟರೊಳಗೆ ಹಳೆಯ ತುಕ್ಕು ಕೆರೆದು, ಹೊಸ ಬಣ್ಣ ಹಚ್ಚಿ, ಒಣಗಿಸಿ ಕೊಡಬೇಕು. ತಂತಿ ಬ್ರಶ್ಶು, ಚೂಪು ಸುತ್ತಿಗೆ ಹಿಡಿದು ತುಕ್ಕು ಕೆರೆಯುವುದು ಹೆಂಗಸರ ಕೆಲಸ. ಬಣ್ಣ ಹಚ್ಚುವುದು ಗಂಡಸರದು. ಮದುವೆಯಾದ ವರ್ಷದಿಂದ ನಾನೂ ಕೆರೆಯಲು ಹೋಗುತ್ತಿದ್ದೆ. ಸಂಜೆ ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕೂದಲು, ರೆಪ್ಪೆ, ಉಗುಳು ಎಲ್ಲ ಕೆಂಪು.

ನಮ್ಮ ಕಡೆ ಬಿಸಿಲು ಹೆಚ್ಚು, ಗಾಳಿ ಒಣ, ಕಬ್ಬಿಣಕ್ಕೆ ಏನಾದೀತು ಎನ್ನಿಸುತ್ತದೆ. ಆದರೆ ಕಾಲುವೆ ಗೇಟಿನ ಬಾಳೇ ಬೇರೆ. ಅರ್ಧ ಮೈ ನೀರಿನಲ್ಲಿ, ಅರ್ಧ ಮೈ ಬಿಸಿಲಿನಲ್ಲಿ. ನೀರು ಏರಿ ಇಳಿಯುವ ಗೆರೆಯ ಮೇಲೆಯೇ ತುಕ್ಕು ಮೊದಲು ಬಾಯಿ ಹಾಕುತ್ತದೆ. ಬಿಸಿಲು ಬಣ್ಣವನ್ನು ಸೀಳುತ್ತದೆ, ಮಳೆ ಆ ಸೀಳಿನೊಳಗೆ ಇಳಿಯುತ್ತದೆ. ಸರಿಯಾಗಿ ಹಚ್ಚಿದ ಬಣ್ಣ ಮಾತ್ರ ನಾಲ್ಕಾರು ವರ್ಷ ತಡೆಯುತ್ತದೆ. ನಿಮ್ಮ ಮುತ್ಯಾ ಹಚ್ಚಿದ ಗೇಟನ್ನು ಮರುವರ್ಷ ಯಾರೂ ತಿರುಗಿ ನೋಡಬೇಕಾಗಿರಲಿಲ್ಲ.

ಆ ವರ್ಷ ಮಾತ್ರ ನೋಡಬೇಕಾಯಿತು. ಗಬ್ಬೂರಿನಿಂದ ಆಚೆ ಒಂದು ಸಣ್ಣ ಊರಿನ ಬಳಿ, ಕಾಲುವೆ ಕವಲೊಡೆಯುವಲ್ಲಿ ಒಂದು ಗೇಟಿದೆ. ಹಿಂದಿನ ಬೇಸಿಗೆಯಲ್ಲಷ್ಟೇ ಅದಕ್ಕೆ ಬಣ್ಣವಾಗಿತ್ತು. ನೀರಿಳಿದ ಮೇಲೆ ನೋಡಿದರೆ ನಡುಮಧ್ಯೆ ಬಣ್ಣ ಎದ್ದು ತುಕ್ಕು ಕಂಡಿದೆ ಎಂದು ಗುತ್ತೇದಾರ ಈರಣ್ಣ ನಮ್ಮ ಮನೆಗೇ ಬಂದು ಹೇಳಿದ. ಮುತ್ಯಾ ತೀರಿ ಆಗಿನ್ನೂ ಚಳಿಗಾಲವೊಂದು ಕಳೆದಿತ್ತು. ಕಿಡ್ನಿಯ ಕಾಯಿಲೆ, ಬಹಳ ದಿನ ನರಳಿದರು. ಈರಣ್ಣ ಹೊಸ್ತಿಲಾಚೆ ನಿಂತೇ, ಈ ಸಲ ಉಳಿದ ಗೇಟುಗಳಿಗೆ ಬೇರೆ ಗುಂಪನ್ನು ನೋಡುತ್ತೇನೆ ಎಂದ. ಆ ಗುಂಪಿನಲ್ಲಿ ನಮ್ಮ ಓಣಿಯ ಹೆಂಗಸರೇ ಹೆಚ್ಚು. ಬೇಸಿಗೆಗೆ ಅದೊಂದೇ ಕೆಲಸ. ನನಗಂತೂ ಅದು ತಪ್ಪಿದರೆ ಮಲ್ಲಟಕ್ಕೆ, ಅಣ್ಣನ ಮನೆಗೆ ಹಿಂದಿರುಗುವುದೊಂದೇ ದಾರಿ ಇತ್ತು. ನಿಮ್ಮ ಅಮ್ಮನ ಓದು ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವನು ಹೊರಡುವಾಗ ಆಡಿದ ಮಾತು ನನ್ನನ್ನು ಚುಚ್ಚಿತು.

“ಸತ್ತವ್ನ ಬಗ್ಗಿ ಆಡಬಾರ್ದು ತಂಗಿ. ಆದ್ರ ಥಿನ್ನರ್ ಹೆಚ್ಚಿಗಿ ಸುರುವಿ ಬಣ್ಣ ನೀರು ಮಾಡ್ಯಾನ. ಕೆಲಸ ನೋಡಿದ್ರ ಗೊತ್ತಾಗ್ತದ.”

ಮರುದಿನ ಬೆಳಗಿನ ಬಸ್ಸಿಗೆ ಗಬ್ಬೂರಿಗೆ ಹೊರಟೆ. ಜೊತೆಗೆ ಖಾಜಾಮಿಯಾ ಚಾಚಾ ಮತ್ತು ತಿಪ್ಪವ್ವ ಬಂದರು. ಖಾಜಾಮಿಯಾ ಗುಂಪಿನ ಹಿರಿಯ, ಮುತ್ಯಾನ ಕೈಗೆ ಮೊದಲು ಬ್ರಶ್ ಕೊಟ್ಟವರು. ತಿಪ್ಪವ್ವ ನನ್ನ ವಾರಗೆಯವಳು, ಸಾವಿನ ಮನೆಯಲ್ಲೂ ನಗಿಸುವ ಬಾಯಿ ಅವಳದು. ಬಸ್ಸಿಳಿದು ಕಾಲುವೆ ಏರಿಯ ಮೇಲೆ ನಡೆಯುವಾಗ, ಗಂಡ ಸತ್ತ ವರ್ಷ ತಿರುಗಾಡಬಾರದು ಎಂದು ಓಣಿಯ ಮುದುಕಿಯರು ಹೇಳಿದ್ದನ್ನು ನೆನೆದು ನಾನು ಹಿಂದೆ ಹಿಂದೆ ಉಳಿಯುತ್ತಿದ್ದೆ. ತಿಪ್ಪವ್ವ ತಿರುಗಿ, “ಲಗೂನ ಬಾರವ್ವಾ. ನೀ ಮನ್ಯಾಗ ಕುಂತ್ರ ತುಕ್ಕೇನು ಸೂತಕ ಹಿಡದು ಸುಮ್ಕ ಕುಂದರತದೇನು?” ಅಂದಳು.

ಗೇಟಿನ ಬಳಿ ಈರಣ್ಣನೂ ಕಾಲುವೆ ಆಫೀಸಿನ ಇಂಜಿನಿಯರ್ ಸಾಹೇಬರೂ ಇದ್ದರು. ನಾನು ಕೆಳಗಿಳಿದು ನೋಡಿದೆ. ಗೇಟಿನ ಅಂಚು, ಬೋಲ್ಟು, ಮೂಲೆ ಎಲ್ಲ ಗಟ್ಟಿಯಾಗಿತ್ತು. ನೀರಿನ ಗೆರೆಯೂ ಸರಿಯಾಗಿತ್ತು. ಎದೆಯ ಎತ್ತರದಲ್ಲಿ ಮಾತ್ರ ಬಣ್ಣ ಗುಳ್ಳೆಯೆದ್ದು ಚಕ್ಕೆ ಚಕ್ಕೆಯಾಗಿ ಉದುರಿ, ಅಲ್ಲಲ್ಲಿ ಕಂದು ಮಚ್ಚೆ ಬಿದ್ದಿತ್ತು. ಸಾಹೇಬರಿಗೂ ಅದೇ ಬಗೆಹರಿದಿರಲಿಲ್ಲ. ಥಿನ್ನರ್ ಹೆಚ್ಚಾಗಿದ್ದರೆ ಎಲ್ಲ ಕಡೆಯೂ ಹೋಗಬೇಕಿತ್ತು, ಇಲ್ಲಷ್ಟೇ ಯಾಕೆ ಎಂದು ಈರಣ್ಣನನ್ನು ಕೇಳುತ್ತಿದ್ದರು. “ಜಡ್ಡಿನ ಮನಶ್ಯಾ ಸಾಹೇಬ್ರ, ಕೈ ನಡುಗಿರತದ” ಎಂದ ಈರಣ್ಣ.

ನಾನು ಹತ್ತಿರ ಹೋಗಿ ಆ ಮಚ್ಚೆಗಳನ್ನು ನೋಡಿದೆ. ದೂರದಿಂದ ಮಚ್ಚೆ, ಹತ್ತಿರದಿಂದ ಕೈ. ಐದು ಬೆರಳು, ಅಂಗೈ. ಒಂದರ ಪಕ್ಕ ಇನ್ನೊಂದು, ಹೆಂಗಸರ ಕೈಗಳು. ಬಣ್ಣದ ಕೆಳಗಿನಿಂದ ತುಕ್ಕಾಗಿ ಮೇಲೆದ್ದು ಬಂದಿದ್ದವು.

ಅವು ಯಾವ ಕೈಗಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಬೇಕಿತ್ತು. ನಮ್ಮ ಕಡೆ ಕಾಲುವೆ ಊರುಗಳಲ್ಲಿ ಒಂದು ಪದ್ಧತಿ ಇದೆ. ಗೇಟಿನ ತುಕ್ಕು ಪೂರ್ತಿ ಕೆರೆದು, ಕಬ್ಬಿಣ ಬೆಳ್ಳಗೆ ಹೊಳೆಯುವ ದಿನ ಊರ ಹೆಂಗಸರು ಬಂದು ಪೂಜೆ ಮಾಡುತ್ತಾರೆ. ಗೇಟೆಂದರೆ ನೀರಿನ ದೇವಿ ಗಂಗವ್ವ, ಅವಳಿಗೆ ಈಗ ಮೈ ತೊಳೆದಾಯಿತು, ಬಣ್ಣ ಎಂದರೆ ಹೊಸ ಸೀರೆ, ಸೀರೆ ಉಡಿಸುವ ಮುಂಚೆ ಅರಿಶಿನ ಹಚ್ಚಬೇಕು ಎಂಬುದು ಅವರ ಲೆಕ್ಕ. ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಅಂಗೈಗೆ ಬಳಿದುಕೊಂಡು ಗೇಟಿಗೆ ಒತ್ತುತ್ತಾರೆ, ಕುಂಕುಮ ಇಡುತ್ತಾರೆ, ಕಾಯಿ ಒಡೆದು ನೀರು ಹಾಕುತ್ತಾರೆ. ಆ ದಿನ ನಮಗೆ ಕೆಲಸವಿಲ್ಲ. ನಾವು ಏರಿಯ ಆಚೆ ದೂರ ಕೂತಿರುತ್ತಿದ್ದೆವು. ಹೋಳಿಗೆ ಕಳಿಸುತ್ತಿದ್ದರು. ತಿಂದು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದೆವು. ಮುತ್ಯಾ ಮಾತ್ರ ಬ್ರಶ್ಶು ಡಬ್ಬಿ ಕಾಯಬೇಕೆಂದು ಹೇಳಿ ಹಿಂದೆ ಉಳಿಯುತ್ತಿದ್ದರು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಗೇಟಲ್ಲ, ಬಟ್ಟೆ ಒಗೆಯುವ ಕಲ್ಲು. ಆ ಪೂಜೆಯ ದಿನ ಮುತ್ಯಾ ಮನೆಗೆ ಬಂದಾಗ ಅವರ ಚೀಲದಲ್ಲಿ ಹಳೆಯ ಲುಂಗಿಯ ಒಂದು ತುಂಡು ಇರುತ್ತಿತ್ತು. ಹಳದಿಗೆ ತಿರುಗಿ, ಎಣ್ಣೆ ಹಿಡಿದು, ಥಿನ್ನರ್ ನಾರುತ್ತಿತ್ತು. ವರ್ಷವೂ ಒಂದಲ್ಲ ಒಂದು ಗೇಟಿನ ಹಳದಿ. ಅದನ್ನು ಬೇರೆ ಬಟ್ಟೆಗಳ ಜೊತೆ ನೆನೆಹಾಕಿ ನಿಮ್ಮ ಅಮ್ಮನ ಶಾಲೆಯ ಅಂಗಿ ಹಳದಿಯಾಗಿ ನಾನು ಬೈದದ್ದೂ ಉಂಟು. ಆಗ ಅವರು ನಗುತ್ತಿದ್ದರು, ಅಷ್ಟೇ. ಹಿಂದಿನ ಬೇಸಿಗೆಯಲ್ಲಿ ಆ ಅರಿವೆ ಮನೆಗೆ ಬಂದಿರಲಿಲ್ಲ. ಈ ಗೇಟಿನ ಪೂಜೆಯ ದಿನ ಅವರು ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ಕೆಂಪು ಹಚ್ಚಿಯಾದ ಮೇಲಷ್ಟೇ ಬಂದು ಮೇಲಿನ ಬೆಳ್ಳಿ ಬಣ್ಣ ಹಚ್ಚಿದ್ದರು.

ಎಲ್ಲರೂ ಹೋಳಿಗೆ ತಿನ್ನುವಾಗ ಅವರು ಏನು ಮಾಡುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಯಾಕೆ ಯಾರಿಗೂ ಹೇಳಲಿಲ್ಲ ಎಂಬುದೂ ತಿಳಿಯಿತು. ಊರ ಗೌಡತಿಯರು ಹಚ್ಚಿದ ಅರಿಶಿನವನ್ನು ನಮ್ಮ ಓಣಿಯ ಗಂಡಸು ಒರೆಸಿದ ಎಂದರೆ ಮಾತು ಎಲ್ಲಿಗೆ ಹೋಗುತ್ತಿತ್ತೋ.

ನಾನು ಖಾಜಾಮಿಯಾ ಚಾಚಾನನ್ನು ಪಕ್ಕಕ್ಕೆ ಕರೆದು, ಹೋದ ವರ್ಷ ಬಣ್ಣ ಹಚ್ಚುವ ಮುಂಚೆ ಗೇಟು ಒರೆಸಿದ್ದಿರೇನು ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಗೇಟು ನೋಡಿದರು. ಅವರಿಗೂ ಗೊತ್ತಾಯಿತು.

“ನಾ ಹ್ಯಾಂಗ ಒರಸ್ಲಿ ಬೇಟಿ? ಅವರ ದೇವ್ರು, ಅವರ ಪೂಜಾ. ನನ್ನಂಥವ ಅದರ ಮ್ಯಾಲ ಅರಿವಿ ಎಳದ್ರ ಅದಬ್ ಅಲ್ಲ. ಹಂಗೇ ಹಗೂರಕ ಮ್ಯಾಲೆ ಬ್ರಶ್ ಆಡಿಸಿದೆ.” ಆಮೇಲೆ, “ಪ್ರತಿ ಸಲ ನಾ ಹಚ್ಚಾಕ ಬರೂದ್ರಾಗ ಗೇಟು ಸ್ವಚ್ಛ ಕೋರಾ ಇರ್ತಿತ್ತು. ಯಾಕಂತ ನಾ ಕೇಳ್ಲೇ ಇಲ್ಲ” ಎಂದರು.

ಚಾಚಾ ಹೇಳಿದ್ದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸಿಲ್ಲ. ಅವರು ದೇವರಿಗೆ ಮರ್ಯಾದೆ ಕೊಟ್ಟರು. ಕಬ್ಬಿಣಕ್ಕೆ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಈಗ ಇದನ್ನು ಹೇಳಬೇಕಾಗಿತ್ತು. ಸಾಹೇಬರ ಹತ್ತಿರ ಹೇಳಿದರೆ ಆ ಊರಿನ ಪೂಜೆಯ ಮೇಲೆ ದೂರು ಹೇಳಿದಂತೆ. ಚಾಚಾ ಹೇಳಿದರೆ ಇನ್ನೂ ಕಷ್ಟ. ನಾನು ಹೇಳಿದರೆ, ಕುಂಕುಮ ಕಳೆದುಕೊಂಡವಳು ಗಂಗವ್ವನ ಕುಂಕುಮದ ಮೇಲೆ ಕಣ್ಣು ಹಾಕಿದಳು ಎನ್ನುತ್ತಾರೆ. ಹೇಳದಿದ್ದರೆ ಗಂಡನ ಹೆಸರು ಆ ತುಕ್ಕಿನೊಳಗೇ ಉಳಿಯುತ್ತದೆ, ಗುಂಪೂ ಹೋಗುತ್ತದೆ. ಆ ಹೊತ್ತಿಗೆ ಊರಿನಿಂದ ಬಸಲಿಂಗಮ್ಮ ನಾಲ್ಕು ಹೆಂಗಸರ ಜೊತೆ ಏರಿ ಇಳಿದು ಬಂದರು. ಗೇಟಿಗೆ ಜಂಗು ಹತ್ತಿದೆ ಎಂಬ ಸುದ್ದಿ ಅವರಿಗೂ ಮುಟ್ಟಿತ್ತು. ಆ ಗೇಟಿನ ನೀರಿನಲ್ಲೇ ಅವರ ಭತ್ತ ಬೆಳೆಯುತ್ತಿತ್ತು. ಪೂಜೆಗೆ ಮೊದಲ ಕೈ ಅವರದೇ. ಒಮ್ಮೆ ರಾಶಿ ಮಾಡುವಾಗ ಮುರಿದ ಕಿರುಬೆರಳು ಸೊಟ್ಟಗೆ ಕೂಡಿ ಹೊರಗೆ ಚಾಚಿಕೊಂಡಿತ್ತು.

ನಾನು ಗೇಟಿನ ಮೇಲೆ ಆ ಸೊಟ್ಟ ಕಿರುಬೆರಳನ್ನು ಆಗಲೇ ನೋಡಿದ್ದೆ.

ಹೇಗೆ ಹೋದೆನೋ ಗೊತ್ತಿಲ್ಲ. ಅವರ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದ ಹಾಗೆ, “ಯವ್ವಾ, ಒಂದ್ಸಲ ನಿಮ್ಮ ಕೈ ಇದರ ಮ್ಯಾಲೆ ಇಡ್ರಿ” ಎಂದೆ.

ಅವರು ನನ್ನ ಖಾಲಿ ಹಣೆ ನೋಡಿದರು. ಆಮೇಲೆ ಆ ಗುರುತನ್ನು ಕಂಡರು. ಕೈ ಎತ್ತಿ ಇಟ್ಟರು. ತುಕ್ಕಿನ ಕೈ ಒಳಗೆ ಅವರ ಕೈ ಸರಿಯಾಗಿ ಕೂತಿತು, ಸೊಟ್ಟ ಬೆರಳೂ ಸಹಿತ.

ಬಹಳ ಹೊತ್ತು ಅವರು ಕೈ ತೆಗೆಯಲಿಲ್ಲ. ಆಮೇಲೆ ಧ್ವನಿ ಗಟ್ಟಿಯಾಯಿತು. “ಏನಂತೀಯವ್ವಾ? ನಾ ಹಚ್ಚಿದ ಅರಿಶಿಣಕ್ಕ ಗಂಗವ್ವಗ ಜಂಗ್ ಹತ್ತಿತೇನು?”

ಎಲ್ಲರೂ ತಿರುಗಿ ನೋಡಿದರು. ಅರಿಶಿನದ್ದು ತಪ್ಪಲ್ಲ, ಎಣ್ಣೆಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಇಷ್ಟು ದಿನ ನಮ್ಮವರು ಪೂಜೆಯಾದ ಮೇಲೆ ಒರೆಸಿ ಹಚ್ಚುತ್ತಿದ್ದರು, ಹೋದ ವರ್ಷ ಆ ದಿನ ಅವರು ಆಸ್ಪತ್ರೆಯಲ್ಲಿದ್ದರು ಎಂದೆ. ಇಷ್ಟನ್ನೂ ನೆಲ ನೋಡಿಕೊಂಡು ಹೇಳಿದೆ. ಒರೆಸುತ್ತಿದ್ದರು ಎಂದ ಕೂಡಲೇ ಜೊತೆಗೆ ಬಂದಿದ್ದ ಹೆಂಗಸರಲ್ಲಿ ಗುಜುಗುಜು ಎದ್ದಿತು. ಈರಣ್ಣ ಮುಂದೆ ಬಂದು, ಊರವರ ಪೂಜೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಾಳೆ ನೋಡಿ ಎಂದ.

ಬಸಲಿಂಗಮ್ಮ ಅವನ ಕಡೆ ತಿರುಗಲಿಲ್ಲ. ಉಗುರಿನಿಂದ ಬಣ್ಣದ ಒಂದು ಚಕ್ಕೆ ಎಬ್ಬಿಸಿದರು. ಅದರ ಬೆನ್ನು ಹಳದಿಯಾಗಿತ್ತು. ಮೂಸಿ ನೋಡಿದರು. ಆಮೇಲೆ ತಮ್ಮ ಹೆಂಗಸರಿಗೆ, “ಒಲಿ ಹಿಂದಿನ ಜಿಡ್ಡಿನ ಗ್ವಾಡಿಗಿ ಸುಣ್ಣ ಹತ್ತತದೇನ್ರೇ? ತಿಕ್ಕಿ ತೊಳದೇ ಹಚ್ಚಬೇಕಲ್ಲ. ಇದೂ ಹಂಗೇ” ಎಂದರು. ಗುಜುಗುಜು ನಿಂತಿತು. ಸಾಹೇಬರು ಆ ಚಕ್ಕೆಯನ್ನು ಕೇಳಿ ಪಡೆದು, ಅದರ ಬೆನ್ನನ್ನು ಬಿಸಿಲಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು. ಈ ಗೇಟನ್ನು ಇದೇ ಗುಂಪು ಸರಿ ಮಾಡಲಿ, ಅದು ಸರಿಯಾದರೆ ಉಳಿದವುಗಳೂ ಇವರಿಗೇ ಎಂದು ಈರಣ್ಣನಿಗೆ ಹೇಳಿದರು.

ಆದರೆ ಪೂಜೆಯ ಮಾತು ಮುಗಿದಿರಲಿಲ್ಲ. ಬಣ್ಣ ಒಣಗಿದ ಮೇಲೆ ಹಚ್ಚಿರಿ ಎಂದು ಸಾಹೇಬರು ಹೇಳಿದರು. ಸೀರೆ ಉಟ್ಟ ಮೇಲೆ ಯಾರಾದರೂ ಅರಿಶಿನ ಹಚ್ಚಿಕೊಳ್ಳುತ್ತಾರೇನು ಎಂದು ಬಸಲಿಂಗಮ್ಮ ಕೇಳಿದರು. ಹಚ್ಚಿರಿ, ನಾವು ಒರೆಸುತ್ತೇವೆ ಎನ್ನಲು ನನಗೆ ಧೈರ್ಯವಿರಲಿಲ್ಲ. ಅವರಿಗೆ ಗೊತ್ತಿಲ್ಲದೆ ಒರೆಸುವುದು ಬೇರೆ, ಅವರಿಗೆ ಗೊತ್ತಾಗುವಂತೆ ಒರೆಸುವುದು ಬೇರೆ. ಪಕ್ಕದ ಕಲ್ಲಿಗೆ ಹಚ್ಚಿರಿ ಎಂದರೆ, ನೀರು ಬರುವುದು ಕಲ್ಲಿನಿಂದಲ್ಲ, ಕಬ್ಬಿಣದ ಬಾಗಿಲಿನಿಂದ ಎಂದರು. ಮಾತು ಬೆಳೆಯುತ್ತಿತ್ತು. ಆಗ ತಿಪ್ಪವ್ವ ಹಿಂದಿನಿಂದ, ಬೇಸತ್ತು, “ಹಂಗಾರ ಗಂಗವ್ವಗ ಒಬ್ಬಾಕಿ ತಂಗಿನ್ನ ಹುಡುಕ್ರಿ. ಅರಿಶಿಣ ಆಕಿಗಿ, ಸೀರಿ ಈಕಿಗಿ” ಎಂದಳು.

ಎಲ್ಲರೂ ನಕ್ಕರು. ಬಸಲಿಂಗಮ್ಮ ನಗಲಿಲ್ಲ. “ಸಿಕ್ಕಾಳೇನು ತಂಗಿ?” ಎಂದರು.

ತಂಗಿ ಅಲ್ಲೇ ಬಿದ್ದಿದ್ದಳು. ಹಿಂದಿನ ವರ್ಷ ಗೇಟಿನ ಕೆಳಗಿನ ಸವೆದ ಪಟ್ಟಿಯನ್ನು ಕತ್ತರಿಸಿ ಹೊಸದನ್ನು ಬೆಸೆದಿದ್ದರು. ಹಳೆಯ ತುಂಡು ಏರಿಯ ಮೇಲೆ ಜಾಲಿ ಕಂಟಿಯಲ್ಲಿತ್ತು. ಅದೇ ಗೇಟಿನ ಮೈ, ಅದೇ ನೀರು ಕುಡಿದ ಕಬ್ಬಿಣ. ಚಾಚಾ ಅದರಿಂದ ತಟ್ಟೆಯಗಲದ ಒಂದು ಚೂರು ತೆಗೆದು, ಉಜ್ಜಿ, ಗೇಟಿನ ಪಕ್ಕದ ಕಲ್ಲುಗೋಡೆಗೆ ಬೋಲ್ಟು ಹಾಕಿ ಕೂರಿಸಿದರು. ಬಸಲಿಂಗಮ್ಮ ಅದಕ್ಕೆ ಸಣ್ಣ ಗಂಗವ್ವ ಎಂದು ಹೆಸರಿಟ್ಟರು. ಇದಕ್ಕೆ ಮಾತ್ರ ಯಾವತ್ತೂ ಬಣ್ಣ ಹಚ್ಚಬಾರದು ಎಂದು ನನಗೆ ಹೇಳಿದರು. ನಾನು ಹೂಂ ಎಂದೆ.

ಆಮೇಲೆ ಕೆಲಸ. ಗೇಟು ಪೂರ್ತಿ ಕೆರೆದೆವು. ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಒಣಗಿಸಿ, ಮನೆಯಿಂದ ತಂದಿದ್ದ ಹಳೆಯ ಲುಂಗಿ ಹರಿದು ಥಿನ್ನರ್‌ನಲ್ಲಿ ಅದ್ದಿ ನಾನೇ ಒರೆಸಿದೆ. ಸಂಜೆಯಾಗಿತ್ತು, ಮರುದಿನ ಬೆಳಿಗ್ಗೆ ಹಚ್ಚೋಣ ಎಂದು ಬಂದೆವು. ಅಂದು ರಾತ್ರಿ ಮಿರ್ಗದ, ಅಂದರೆ ಮೃಗಶಿರದ, ಮೊದಲ ಮಳೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಬೆಳ್ಳಗಿದ್ದ ಗೇಟು ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಬಿಡುವ ದಿನ ಹತ್ತಿರ ಬಂತು, ಇದರ ಮೇಲೇ ಹಚ್ಚಿಬಿಡಿ ಎಂದು ಈರಣ್ಣ ಅವಸರ ಮಾಡಿದ. ತಿಪ್ಪವ್ವ ತಂತಿ ಬ್ರಶ್ಶನ್ನು ಅವನ ಕೈಗೇ ಕೊಟ್ಟು, “ಅವಸರ ಇದ್ರ ನೀನೂ ತಿಕ್ಕಲೇ ಅಣ್ಣಾ” ಎಂದಳು. ಅವನು ನಿಜವಾಗಿಯೂ ತಿಕ್ಕಿದ. ಮತ್ತೆ ಕೆರೆದು, ಮತ್ತೆ ಒರೆಸಿ, ಒಣಗಿದ ಕೂಡಲೇ ಹಚ್ಚಲು ಶುರು ಮಾಡಿದೆವು. ಕೈ ಸಾಲದೆ ಚಾಚಾ ನನ್ನ ಕೈಗೂ ಒಂದು ಬ್ರಶ್ ಕೊಟ್ಟರು. ಮೊದಲು ಬೋಲ್ಟಿನ ತಲೆ, ಅಂಚು, ಮೂಲೆ. ಬಣ್ಣ ತೆಳುವಾಗುವುದು ಅಲ್ಲೇ. ಆಮೇಲೆ ಬಯಲು. ಬಿಸಿಲೇರಿ ಕಬ್ಬಿಣ ಕೈ ಸುಡುವಾಗ ನಿಲ್ಲಿಸಬೇಕು, ಇಲ್ಲದಿದ್ದರೆ ಬಣ್ಣ ಮೇಲೆ ಒಣಗಿ ಒಳಗೆ ಹಸಿಯಾಗಿ ಗುಳ್ಳೆ ಏಳುತ್ತದೆ. ಒಂದು ಕೋಟು ಗಟ್ಟಿಯಾಗುವವರೆಗೆ ಇನ್ನೊಂದಕ್ಕೆ ಕೈ ಹಾಕಬಾರದು. ದಪ್ಪ ಬಳಿದರೆ ಬಾಳಿಕೆ ಹೆಚ್ಚು ಎಂದು ತಿಳಿಯುವುದು ತಪ್ಪು. ಇದೆಲ್ಲ ಮುತ್ಯಾ ಮಾಡುವುದನ್ನು ನೋಡಿ ಬಂದದ್ದು, ಚಾಚಾ ಹೇಳಿ ಗಟ್ಟಿಯಾದದ್ದು.

ಕೆಂಪಿನ ಮೇಲೆ ಬೆಳ್ಳಿ ಬಣ್ಣ ಒಣಗಿ ಗಟ್ಟಿಯಾದ ಮೇಲೆ ನೀರು ಬಂತು. ಊರ ಹೆಂಗಸರು ಸಣ್ಣ ಗಂಗವ್ವನಿಗೆ ಅರಿಶಿನದ ಕೈ ಒತ್ತಿದರು. ನಾವು ಎಂದಿನಂತೆ ಏರಿಯ ಆಚೆ ಕೂತಿದ್ದೆವು. ಹೋಳಿಗೆಯನ್ನು ಆ ದಿನ ಬಸಲಿಂಗಮ್ಮ ತಾವೇ ತಂದರು. ನನ್ನ ಕೈಗೆ ಕೊಡುವಾಗ, “ನಿನ್ನ ಗಂಡ ಹೋದ ಮ್ಯಾಲೂ ಆ ಗೇಟು ಅವನ ಹೆಸರು ಹೇಳ್ತದ ಬಿಡವ್ವಾ” ಎಂದರು. ಆ ಬೇಸಿಗೆಯ ಉಳಿದ ಗೇಟುಗಳನ್ನು ನೀರು ಬರುವುದರೊಳಗೇ, ಕಲ್ಲೂರು ಕಡೆಯವನ್ನು ಮರು ಬೇಸಿಗೆಯಲ್ಲಿ ನಮ್ಮ ಗುಂಪೇ ಮಾಡಿತು. ನಾನು ಮಲ್ಲಟಕ್ಕೆ ಹೋಗಲಿಲ್ಲ. ನಿಮ್ಮ ಅಮ್ಮ ಓದಿ ಟೀಚರ್ ಆದಳು.

ಈ ಬೇಸಿಗೆ ಗಬ್ಬೂರಿಗೆ ಒಂದು ಮದುವೆಗೆಂದು ಹೋದವಳು ಕಾಲುವೆಯ ಮೇಲೂ ಹೋಗಿ ಬಂದೆ. ನೀರಿಳಿದಿತ್ತು. ನಡುವೆ ಎಷ್ಟೋ ಸಲ ಬಣ್ಣ ಕಂಡ ಗೇಟು ನೆಟ್ಟಗೆ ನಿಂತಿತ್ತು. ಅಂಗೈಯಿಂದ ಸವರಿದೆ, ಎಲ್ಲೂ ಒಂದು ಉಬ್ಬು ಸಿಗಲಿಲ್ಲ. ಪಕ್ಕದಲ್ಲಿ ಸಣ್ಣ ಗಂಗವ್ವ ಸವೆದು ಸವೆದು ಜಾಳಿಗೆಯಾಗಿದ್ದಳು. ತೂತಿನಲ್ಲಿ ಹಿಂದಿನ ಕಲ್ಲು ಕಾಣುತ್ತಿತ್ತು. ಅದರ ಮೇಲೂ ಹೊಸ ಅರಿಶಿನವಿತ್ತು. ಬಸಲಿಂಗಮ್ಮ ಈಗ ನಡೆಯಲಾರರು. ಮನೆಗೆ ಹೋದಾಗ, ಹೊಸ ತಂಗಿಯನ್ನು ಕೂರಿಸಬೇಕು, ನೀನೇ ಬರಬೇಕು ಎಂದು ನನ್ನ ಕೈ ಹಿಡಿದು ಹೇಳಿದರು. ಹಿಡಿದ ಕೈಯಲ್ಲಿ ಆ ಸೊಟ್ಟ ಬೆರಳು ಗೊತ್ತಾಯಿತು.

ನಿಮ್ಮ ಗೇಟಿನ ಹೊರಮೈಯನ್ನು ಮಾತ್ರ ನಾನು ಒರೆಸಿದ್ದೇನೆ. ಬಣ್ಣದವನು ಒಳಮೈಗೆ ಭಾನುವಾರ ಬರುತ್ತಾನೆ. ಅಲ್ಲಿ ನಿಮ್ಮ ಅಮ್ಮ ಒತ್ತಿದ ಅರಿಶಿನದ ಕೈ ಹಾಗೇ ಇದೆ. ಗೇಟಿನ ಹಿಂದೆ ಮೊಳೆಗೆ ಹಳದಿಯಾದ ಒಂದು ಅರಿವೆ ತೂಗುಹಾಕಿದ್ದೇನೆ, ಹೊಲಸೆಂದು ಎಸೆಯಬೇಡಿ. ಮೊದಲು ದೇವರಿಗೆ ಕೈ ಮುಗಿಯಿರಿ. ಆಮೇಲೆ ಪೂರ್ಣಿ ಒಂದು ಬಾಗಿಲು, ಕಿರಣ ಒಂದು ಬಾಗಿಲು ಒರೆಸಿ. ಯಾರಾದರೂ ಯಾಕೆಂದು ಕೇಳಿದರೆ ನನ್ನ ಹಾಗೆ ಒಳಗೆ ಹೋಗಬೇಡಿ, ಮುತ್ಯಾನ ಪದ್ಧತಿ ಎಂದು ಹೇಳಿ.